ಕಿವಿ ಮಂದವಾಗಿದ್ದ ದೊರೆ

ಬಳ್ಳಾರಿ,
ಆಷಾಢದ ಒಂದು ಸಂಜೆ

ಪ್ರೀತಿಯ ಓದುಗ ಮಿತ್ರರೇ,

ಮಂತ್ರಾಲಯದಿಂದ ನೀವು ಬರೆದ ಕಾಗದ, ಅದರ ಜತೆ ಕಳಿಸಿದ ಪರಿಮಳ ಪ್ರಸಾದ, ಎರಡೂ ಒಂದೇ ದಿನ ಕೈಸೇರಿದವು. ಪ್ರಸಾದ ಮನೆಮಂದಿಗೆಲ್ಲ ಹಂಚಿ ಮುಗಿಯಿತು. ಕಾಗದದ ಕೊನೆಯಲ್ಲಿ ನೀವು ಕೇಳಿದ್ದು ಮಾತ್ರ ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಅಷ್ಟೊಂದು ಭಕ್ತರಿರುವಾಗ ರಾಘವೇಂದ್ರ ರಾಯರು ಒಬ್ಬ ಪರಂಗಿ ಕಲೆಕ್ಟರನಿಗೆ ಏಕೆ ಕಾಣಿಸಿಕೊಂಡರು, ಯಾರು ಈ ಮನ್ರೋ ಎಂದು ಕೇಳಿದ್ದೀರಿ.

ಕಥೆ ನಿಮಗೆ ಗೊತ್ತೇ ಇದೆ. ಮಠದ ಇನಾಂ ಊರನ್ನು ಕಂಪನಿ ಸರ್ಕಾರ ವಾಪಸು ಪಡೆಯುವ ಮಾತು ಬಂತು. ವಿಚಾರಣೆಗೆಂದು ಬಂದ ಕಲೆಕ್ಟರ್ ಥಾಮಸ್ ಮನ್ರೋ ಟೋಪಿ, ಬೂಟು ಕಳಚಿಟ್ಟು ರಾಯರ ಬೃಂದಾವನದ ಮುಂದೆ ನಿಂತು ಯಾರೊಡನೆಯೋ ಮಾತಾಡತೊಡಗಿದ. ಸುತ್ತಲಿದ್ದವರಿಗೆ ಕಲೆಕ್ಟರನ ಮಾತು ಕೇಳಿಸಿತು. ಎದುರಿನ ದನಿ ಕೇಳಿಸಲಿಲ್ಲ. ಹೊರಗೆ ಬಂದವನೇ ಇನಾಂ ಮಠದ್ದೇ ಎಂದು ತೀರ್ಪು ಕೊಟ್ಟ. ಭಕ್ತರು ಇದನ್ನು ನಂಬಿ ಹೇಳುತ್ತಾರೆ, ನಾನೂ ಕೈಮುಗಿದು ಕೇಳಿದ್ದೇನೆ. ಆದರೆ ಇತ್ತೀಚೆಗೆ ಅವನ ಜೀವನಚರಿತ್ರೆ ಓದುವಾಗ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಬಾಲ್ಯದ ಕಾಯಿಲೆಯೊಂದರಿಂದ ಮನ್ರೋನ ಕಿವಿ ಮಂದವಾಗಿತ್ತು. ನಾಲ್ಕು ಜನ ಕೂತು ಮಾತಾಡುವ ಕಡೆ ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಬೇರೆ ಯಾರಿಗೂ ಕೇಳದ ದನಿ ಕೇಳಿಸಿಕೊಂಡವನು ಎಂದು ನಮ್ಮ ಜನ ಆರಿಸಿದ್ದು ಇಂಥ ಮನುಷ್ಯನನ್ನು. ಅಂದಿನಿಂದ ಅವನನ್ನು ಬೇರೆ ಥರ ನೋಡುತ್ತಿದ್ದೇನೆ. ಅದನ್ನೇ ನಿಮಗೆ ಬರೆಯಬೇಕೆನಿಸಿತು.

ಮನ್ರೋ 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ಊರಿನಲ್ಲಿ ಹುಟ್ಟಿದ. ತಂದೆ ಅಮೆರಿಕದ ವರ್ಜೀನಿಯಾದಿಂದ ತಂಬಾಕು ತರಿಸುವ ವ್ಯಾಪಾರಿ. ಮನೆಯಲ್ಲಿ ಅನುಕೂಲವಿತ್ತು, ಹುಡುಗನಿಗೆ ಓದಿನ ಹುಚ್ಚಿತ್ತು. ಸೆರ್ವಾಂಟಿಸನ ಡಾನ್ ಕ್ವಿಕ್ಸೋಟನ್ನು ಮೂಲದಲ್ಲೇ ಓದಬೇಕೆಂದು ತಾನಾಗಿ ಸ್ಪ್ಯಾನಿಷ್ ಕಲಿತನಂತೆ. ಅಷ್ಟರಲ್ಲಿ ಅಮೆರಿಕದವರು ಬ್ರಿಟನ್ನಿನ ಮೇಲೆ ತಿರುಗಿಬಿದ್ದರು. ತಂಬಾಕಿನ ವ್ಯಾಪಾರದ ಜತೆ ಮನೆಯ ಅನುಕೂಲವೂ ಮುಳುಗಿತು. ಒಂದು ಖಂಡದಲ್ಲಿ ಜನ ಸ್ವತಂತ್ರರಾದದ್ದರಿಂದ ಇನ್ನೊಂದು ಖಂಡಕ್ಕೆ ಹೊಟ್ಟೆಪಾಡಿಗೆ ಹೊರಟ ಹುಡುಗ ಇವನು. 1780ರ ಜನವರಿಯಲ್ಲಿ ಕಂಪನಿಯ ಸೈನ್ಯದ ಕೆಡೆಟ್ ಆಗಿ ಮದ್ರಾಸಿನಲ್ಲಿ ಇಳಿದ. ಆಗಿನ್ನೂ ಹತ್ತೊಂಬತ್ತು ತುಂಬಿರಲಿಲ್ಲ.

ಇಳಿದ ವರ್ಷವೇ ಹೈದರನ ದಂಡು ಘಟ್ಟ ಇಳಿದು ಬಂತು. ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಯಲಲ್ಲಿ ಕಂಪನಿಯ ಅಧಿಕಾರಿ ಬೈಲಿಯ ಪಡೆ ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ನುಚ್ಚುನೂರಾಯಿತು. ನಮ್ಮ ಹುಡುಗನಿದ್ದ ದೊಡ್ಡ ಸೈನ್ಯ ಅಲ್ಲಿಂದ ಕೆಲವೇ ಮೈಲಿ ದೂರದ ಕಂಚಿಯಲ್ಲಿತ್ತು. ಅದರ ಸೇನಾಪತಿ ಹೆಕ್ಟರ್ ಮನ್ರೋ, ಹೆಸರು ಒಂದೇ ಆದರೂ ನೆಂಟನಲ್ಲ, ಭಾರಿ ಫಿರಂಗಿಗಳನ್ನು ಕೆರೆಗೆ ತಳ್ಳಿಸಿ ಮದ್ರಾಸಿಗೆ ಹಿಂದೆ ಸರಿದ. ಆ ಓಟದಲ್ಲಿ ಥಾಮಸನೂ ಇದ್ದ. ಮೈಸೂರಿನವರ ಬಗ್ಗೆ ಅವನಿಗೆ ಜೀವಮಾನವಿಡೀ ಇದ್ದ ಗೌರವ, ಅಂಜಿಕೆ ಎರಡೂ ಅಲ್ಲೇ ಹುಟ್ಟಿರಬೇಕು. ಟಿಪ್ಪುವಿನ ಆಡಳಿತದ ಶಿಸ್ತನ್ನು ಅವನಷ್ಟು ಮೆಚ್ಚಿ ಬರೆದ ಇಂಗ್ಲಿಷರು ಕಡಿಮೆ. ಮೆಚ್ಚಿದ್ದರಿಂದಲೇ ಆ ರಾಜ್ಯವನ್ನು ಉಳಿಸಬಾರದು ಎಂದೂ ಅಷ್ಟೇ ಖಡಾಖಂಡಿತವಾಗಿ ವಾದಿಸಿದ.

ಆ ವರ್ಷಗಳ ಬಡತನವನ್ನು ಅವನು ತಂಗಿಗೆ ಬರೆದ ಕಾಗದಗಳಲ್ಲಿ ನೋಡಬೇಕು. ದಿಂಬಿಲ್ಲದೆ ಪುಸ್ತಕವನ್ನೋ ತೋಟಾ ಚೀಲವನ್ನೋ ತಲೆಗಿಟ್ಟು ಮಲಗಿದ್ದು, ತೇಪೆ ಹಾಕಿದ ಬೂಟು ಮೆಟ್ಟಿ ಮೈಲಿಗಟ್ಟಲೆ ನಡೆದದ್ದು ಎಲ್ಲ ಅಲ್ಲಿದೆ. ಇಂಡಿಯಾಕ್ಕೆ ಹೋದವನು ನವಾಬನಾಗಿ ಬರುತ್ತಾನೆಂದು ಅವನ ಊರಿನವರು ನಂಬಿದ್ದ ಕಾಲ ಅದು. ಆ ಬಡತನದಲ್ಲೂ ಪಾರ್ಸಿ ಕಲಿತ, ಹಿಂದೂಸ್ತಾನಿ ಕಲಿತ. ಶೇಕ್ಸ್‌ಪಿಯರನ ಶೈಲಾಕನದೇ ಹೋಲಿಕೆಯ, ಒಂದು ತುಂಡು ಮಾಂಸದ ಪಣದ ಕಥೆಯೊಂದು ಪಾರ್ಸಿ ಹಸ್ತಪ್ರತಿಯಲ್ಲಿ ಸಿಕ್ಕಿದಾಗ ಅದನ್ನು ಇಂಗ್ಲಿಷಿಗಿಳಿಸಿ ಕಳಿಸಿದ. ಶೇಕ್ಸ್‌ಪಿಯರನ ಸಂಪಾದಕ ಮಲೋನ್ ಅದನ್ನು ಅಚ್ಚು ಹಾಕಿಸಿದ. ದಂಡಿನ ಡೇರೆಯಲ್ಲಿ ಕೂತು ಮಾಡಿದ ಕೆಲಸ ಅದು.

ಭಾಷೆ ಬಲ್ಲದ್ದೇ ಅವನ ಹಣೆಬರಹ ತಿದ್ದಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು, ಅಂದರೆ ಈಗಿನ ಧರ್ಮಪುರಿ, ಕೃಷ್ಣಗಿರಿ ಕಡೆಯ ಸೀಮೆಯನ್ನು, ಬಿಟ್ಟುಕೊಡಬೇಕಾಯಿತು. ಅಲ್ಲಿ ಕಂದಾಯ ಎತ್ತಲು ಮದ್ರಾಸಿನ ಸಿವಿಲ್ ಅಧಿಕಾರಿಗಳನ್ನು ಕಳಿಸಿದರೆ ಅವರಿಗೆ ನಾಡಿನ ಮಾತು ಬಾರದು, ದುಭಾಷಿಗಳ ಕೈಗೊಂಬೆಗಳಾಗುತ್ತಾರೆ. ಅದಕ್ಕೇ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೈನ್ಯದವರನ್ನು ಕಳಿಸಿದ. ಕ್ಯಾಪ್ಟನ್ ರೀಡ್, ಅವನ ಕೈಕೆಳಗೆ ಮನ್ರೋ ಮತ್ತು ಇನ್ನಿಬ್ಬರು. ಕತ್ತಿ ಹಿಡಿದ ಕೈ ಜಮಾಬಂದಿ ಲೆಕ್ಕ ಹಿಡಿದದ್ದು ಹೀಗೆ. ಏಳು ವರ್ಷ ಊರೂರು ತಿರುಗಿದ. ನಡುವೆ ಜಮೀನ್ದಾರನಿಲ್ಲದೆ, ಗುತ್ತಿಗೆದಾರನಿಲ್ಲದೆ ಒಬ್ಬೊಬ್ಬ ರೈತನ ಜತೆ ಸರ್ಕಾರವೇ ನೇರವಾಗಿ ಲೆಕ್ಕ ಮಾಡಿಕೊಳ್ಳುವ ರೈತವಾರಿ ಪದ್ಧತಿ ರೂಪುಗೊಂಡದ್ದು ಆ ತಿರುಗಾಟದಲ್ಲಿ. ಧರ್ಮಪುರಿಯಲ್ಲಿ ಒಂದು ತೋಟ ಮಾಡಿಕೊಂಡಿದ್ದ. ಗವರ್ನರ್ ಆದ ಮೇಲೂ ಅದನ್ನು ನೆನೆದು ಹಂಬಲಿಸುತ್ತಿದ್ದ.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರನ್ನು ಪಾಲು ಹಾಕಿದ ಸಮಿತಿಗೆ ಇವನೂ ಜಾನ್ ಮಾಲ್ಕಮನೂ ಕಾರ್ಯದರ್ಶಿಗಳು. ಆ ಪಾಲಿನಲ್ಲಿ ಕಂಪನಿಗೆ ಬಂದ ಕೆನರಾಕ್ಕೆ ಇವನನ್ನೇ ಕಲೆಕ್ಟರ್ ಮಾಡಿದರು. ಹದಿನೈದು ತಿಂಗಳಿಗೇ ಬೇರೆ ಕಡೆ ಹಾಕಿ ಎಂದು ಬೇಡಿಕೊಂಡು ಹೊರಟ. ಮಳೆ ಅವನಿಗೆ ಹಿಡಿಸಲಿಲ್ಲ. ಮೊದಮೊದಲು ರೈತರೂ ಅವನ ಕಛೇರಿಯತ್ತ ಸುಳಿಯಲಿಲ್ಲ. ವಿಟ್ಲದ ಹೆಗ್ಗಡೆ ದಂಗೆ ಎದ್ದ. ಅವನನ್ನು ಹಿಡಿದು ಗಲ್ಲಿಗೇರಿಸಿದರು. ಆದರೂ ಅಷ್ಟು ಕಡಿಮೆ ಸಮಯದಲ್ಲಿ ಅವನು ಮಾಡಿದ ಒಂದು ಕೆಲಸಕ್ಕೆ ಕರಾವಳಿಯ ಚರಿತ್ರೆ ಬರೆಯುವವರು ಇಂದಿಗೂ ಋಣಿಗಳು. ಶಾನುಭೋಗರ ಮನೆಗಳಲ್ಲಿದ್ದ ಕಡತಗಳನ್ನು ತರಿಸಿ ಓದಿಸಿದ. ಹುಣಿಸೆಬೀಜದ ಅಂಟೂ ಇದ್ದಿಲೂ ಬಳಿದ ಬಟ್ಟೆಯ ಮಡಿಕೆಗಳು ಅವು, ಬಳಪದಲ್ಲಿ ಬರೆದದ್ದು. ವಿಜಯನಗರದ ಹರಿಹರರಾಯನ ಕಾಲದ ರೇಖೆ, ಅಂದರೆ ಮೂಲ ಕಂದಾಯ, ಯಾವುದು, ಇಕ್ಕೇರಿಯವರು ಅದರ ಮೇಲೆ ಏರಿಸಿದ್ದೆಷ್ಟು, ಹೈದರ್-ಟಿಪ್ಪು ಕೂಡಿಸಿದ ಶಾಮಿಲು ಎಂಬ ಹೆಚ್ಚುವರಿ ತೆರಿಗೆ ಎಷ್ಟು ಎಂದು ಬಿಡಿಸಿದ. ಇಲ್ಲಿನ ಭೂಮಿ ರೈತನ ಸ್ವಂತದ್ದು, ಮಾರುವ, ಒತ್ತೆ ಇಡುವ ಹಕ್ಕು ಅವನಿಗೆ ತಲೆತಲಾಂತರದಿಂದ ಇದೆ ಎಂದು 1800ರ ಮೇ ತಿಂಗಳಲ್ಲಿ ಮದ್ರಾಸಿಗೆ ಬರೆದ. ಇಂಡಿಯಾದ ನೆಲವೆಲ್ಲ ರಾಜನದೇ ಎಂದು ದೊಡ್ಡ ದೊಡ್ಡ ಸಾಹೇಬರು ಹೇಳುತ್ತಿದ್ದ ಕಾಲದಲ್ಲಿ ಬಂದ ಮಾತು ಅದು.

ಆಮೇಲೆ ಬಂದದ್ದು ನಮ್ಮ ಸೀಮೆಗೆ. 1800ರ ಅಕ್ಟೋಬರಿನಲ್ಲಿ ನಿಜಾಮ ಕಂಪನಿಗೆ ಕೊಟ್ಟ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳಿಗೆ ಮನ್ರೋ ಪ್ರಿನ್ಸಿಪಾಲ್ ಕಲೆಕ್ಟರ್. ದತ್ತ ಮಂಡಲ ಎನ್ನುತ್ತಿದ್ದರು. ಎರೆ ಹೊಲ, ಕಲ್ಲುಗುಡ್ಡ, ಬಾರದ ಮಳೆ, ಸುಮಾರು 80 ಪಾಳೆಯಗಾರರು. ಹರಪನಹಳ್ಳಿಯಂಥ ಕೆಲವರು ತಗ್ಗಿ ನಡೆದರು. ಉಳಿದವರನ್ನು ಅವನು ಮಣಿಸಿದ ರೀತಿ ಓದಿದರೆ ಮನಸ್ಸು ಕಹಿಯಾಗುತ್ತದೆ. ಕಟ್ಟಲಾಗದಷ್ಟು ಪೇಷ್ಕಷ್, ಅಂದರೆ ಕಪ್ಪ, ಗೊತ್ತುಮಾಡುವುದು, ಕಟ್ಟದಿದ್ದಾಗ ಅದೇ ನೆಪದಲ್ಲಿ ದಂಡು ಕಳಿಸಿ ಕೋಟೆ ಕೀಳುವುದು. ಲಂಡನ್ನಿನ ನಿರ್ದೇಶಕರೇ ಇದು ಅತಿಯಾಯಿತೆಂದು ಆಕ್ಷೇಪಿಸಿದರು. ಅವನು ಕ್ಷಮೆ ಕೇಳಲಿಲ್ಲ, ತನ್ನ ಕ್ರಮವನ್ನು ಸಮರ್ಥಿಸಿಕೊಂಡ.

ರೈತರ ನಡುವಿನ ಮನ್ರೋ ಬೇರೆಯೇ ಮನುಷ್ಯ. ಏಳು ವರ್ಷ ಅವನು ಬಾಳಿದ್ದು ಹೆಚ್ಚಾಗಿ ಡೇರೆಯಲ್ಲಿ. ಮರದ ಕೆಳಗೆ ಕೂತರೆ ಸುತ್ತ ರೈತರು. ಒಬ್ಬೊಬ್ಬರನ್ನೂ ಹತ್ತಿರ ಕರೆದು ಕೇಳುತ್ತಿದ್ದ. ಕಿವಿ ಮಂದವಿದ್ದವನು ಹತ್ತಿರ ಕರೆಯಲೇಬೇಕಲ್ಲವೇ? ಹಾಗೆ ಹತ್ತಿರ ಹೋದವರಿಗೆ ತಮ್ಮ ಮಾತಿಗೂ ಬೆಲೆಯಿದೆ ಎನ್ನಿಸಿದ್ದರೆ ಆಶ್ಚರ್ಯವಿಲ್ಲ ಎಂದು ನನ್ನ ಊಹೆ. ಇಡೀ ಸೀಮೆಯ ಹೊಲಗಳನ್ನು ಒಂದೊಂದಾಗಿ ಅಳೆಸಿದ. 33 ಅಡಿಯ ಸರಪಳಿ, ಅಂಥ 40 ಚೌಕ ಸೇರಿದರೆ ಒಂದು ಎಕರೆ. ನಿಮ್ಮ ಪಹಣಿ ತೆಗೆದು ನೋಡಿ, ಎಕರೆಗೆ 40 ಗುಂಟೆ ಎಂಬ ಲೆಕ್ಕ ಅದೇ. ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿ, ಮಣ್ಣಿನ ತರಗತಿ ನೋಡಿ ಪ್ರತಿ ಹೊಲಕ್ಕೂ ದರ ಕಟ್ಟಿಸಿದ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಆ ದರ ಎಷ್ಟಿತ್ತು ಗೊತ್ತೇ? ಬೆಳೆದದ್ದರಲ್ಲಿ ಸುಮಾರು ನೂರಕ್ಕೆ 45 ಪಾಲು. ಬೀಜ, ಎತ್ತು, ಆಳು, ಮನೆಮಂದಿಯ ಹೊಟ್ಟೆ ಎಲ್ಲ ಉಳಿದದ್ದರಲ್ಲಿ ಆಗಬೇಕು. ಬರ ಬಂತು, ಊರುಗಳು ಖಾಲಿಯಾದವು. ಆದರೂ ವಸೂಲಿ ಸುಮಾರು ಹತ್ತು ಲಕ್ಷ ವರಹದಿಂದ ಹದಿನೈದು ಲಕ್ಷಕ್ಕೆ ಏರಿತು. ಕಂಪನಿಗೆ ಇದಕ್ಕಿಂತ ಒಳ್ಳೆಯ ಕಲೆಕ್ಟರ್ ಬೇಕೇ?

ಏಳು ವರ್ಷದ ಕೊನೆಗೆ, 1807ರ ಆಗಸ್ಟಿನಲ್ಲಿ, ಊರಿಗೆ ಹೊರಡುವ ಮುಂಚೆ ಅವನು ಒಂದು ವರದಿ ಬರೆದ. ತಾನೇ ಕಟ್ಟಿದ ದರವನ್ನು ನೂರಕ್ಕೆ 25ರಷ್ಟು ಇಳಿಸಬೇಕು, ಬಾವಿ ನೀರಿನ ಜಮೀನಿಗೆ ಇನ್ನೂ 8 ಇಳಿಸಬೇಕು, ಸರ್ಕಾರದ ಪಾಲು ಬೆಳೆಯ ಮೂರನೇ ಒಂದನ್ನು ಮೀರಬಾರದು, ರೈತನಿಗೆ ತನ್ನ ಹೊಲ ಮಾರುವಷ್ಟು ಹಕ್ಕು ಹುಟ್ಟಬೇಕು ಎಂದು ಕೇಳಿದ. ಈ ವರದಿಯನ್ನು ನಾನು ಎರಡು ಸಲ ಓದಿದೆ. ಭಾರ ಎಷ್ಟೆಂದು ಅವನಿಗೆ ತಿಳಿದಿತ್ತು. ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದಿತ್ತು. ಒಬ್ಬೊಬ್ಬ ರೈತನ ಬಾಯಿಂದ ಕೇಳಿದ್ದ. ತಿಳಿದೂ ಏಳು ವರ್ಷ ಪೂರ್ತಿ ವಸೂಲು ಮಾಡಿದ, ಕೊನೆಗೆ ಇಳಿಸಿ ಎಂದು ಬೇಡಿದ. ಮದ್ರಾಸು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಹೋದ ಮೇಲೆ ಊರುಗಳನ್ನು ಒಟ್ಟೊಟ್ಟಾಗಿ ಗುತ್ತಿಗೆಗೆ ಕೊಟ್ಟರು; ಗುತ್ತಿಗೆ ಹಿಡಿದ ಗೌಡರು ದಿವಾಳಿಯಾದರು. ಅವನು ಕೇಳಿದ ಇಳಿತ ನಮ್ಮ ರೈತನಿಗೆ ಸಿಗಲು ಹನ್ನೆರಡು ವರ್ಷಕ್ಕೂ ಮೇಲಾಯಿತು. ಅವನ ಬಗ್ಗೆ ನನಗಿರುವ ಪ್ರೀತಿ, ಸಿಟ್ಟು ಎರಡೂ ಈ ವರದಿಯ ಸುತ್ತಲೇ ಸುತ್ತುತ್ತವೆ.

ಇಂಗ್ಲೆಂಡಿನ ಏಳು ವರ್ಷಗಳನ್ನು ಬೇಗ ದಾಟುತ್ತೇನೆ. ಪಾರ್ಲಿಮೆಂಟಿನಲ್ಲಿ ಸಾಕ್ಷಿ ಹೇಳಿದ. ನಾಗರಿಕತೆಯನ್ನು ಸರಕಿನಂತೆ ಕೊಳ್ಳುವುದಾದರೆ ಲಾಭ ಇಂಗ್ಲೆಂಡಿಗೇ ಆದೀತು ಎಂಬ ಅರ್ಥದ ಮಾತು ಅಲ್ಲಿ ಆಡಿದ. ಆ ಸಭೆಯಲ್ಲಿ ಅದಕ್ಕೆ ಎದೆಗಾರಿಕೆ ಬೇಕಿತ್ತು. 1814ರಲ್ಲಿ, ಐವತ್ತೆರಡರ ವಯಸ್ಸಿನಲ್ಲಿ, ಜೇನ್ ಕ್ಯಾಂಬೆಲ್ ಎಂಬಾಕೆಯನ್ನು ಮದುವೆಯಾದ. ಅದೇ ವರ್ಷ ಮದ್ರಾಸಿಗೆ ಮರಳಿದ. ನ್ಯಾಯದಾನದಲ್ಲಿ ಪಂಚಾಯಿತಿಗಳಿಗೂ ಊರ ಮುನ್ಸೀಫರಿಗೂ ಜಾಗ ಮಾಡಿಕೊಟ್ಟ 1816ರ ಕಾಯ್ದೆಗಳು ಅವನ ಕೆಲಸ.

ಧಾರವಾಡದವರಾದ ನಿಮಗೆ ಮುಂದಿನ ಸಂಗತಿ ಗೊತ್ತಿರಬೇಕು. ಪೇಶ್ವೆಯ ಮೇಲಿನ ಕೊನೆಯ ಯುದ್ಧದಲ್ಲಿ ಮನ್ರೋ ಬ್ರಿಗೇಡಿಯರ್ ಜನರಲ್ ಆಗಿ ನಿಮ್ಮ ಊರಿನಲ್ಲೇ ಬೀಡುಬಿಟ್ಟಿದ್ದ. ಕೈಯಲ್ಲಿ ಬೆರಳೆಣಿಕೆಯ ಸೈನ್ಯ. ಸುತ್ತಲ ಹಳ್ಳಿಗಳ ಜನರನ್ನೇ ಕೂಡಿಸಿ ಪಡೆ ಕಟ್ಟಿದ. ಗದಗ, ಡಂಬಳ, ಹುಬ್ಬಳ್ಳಿ, ಬಾದಾಮಿ ಒಂದರ ಹಿಂದೊಂದು ಕೈವಶವಾದವು. 1818ರ ಏಪ್ರಿಲಿನಲ್ಲಿ ಬೆಳಗಾವಿ ಕೋಟೆಯೂ ಬಿತ್ತು. ಬೆಳಗಾವಿಯ ಮುತ್ತಿಗೆಗೆ ನೆರವಾದವರಲ್ಲಿ ಕಿತ್ತೂರಿನ ದೇಸಾಯಿಯೂ ಒಬ್ಬ. ಆರೇ ವರ್ಷಕ್ಕೆ, 1824ರಲ್ಲಿ, ಅದೇ ಕಿತ್ತೂರಿನ ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ. ಚೆನ್ನಮ್ಮ ಕತ್ತಿ ಹಿಡಿದಳು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತುಬಿದ್ದ. ಆ ಥ್ಯಾಕರೆಯ ಅಣ್ಣ ವಿಲಿಯಂ ಒಂದು ಕಾಲಕ್ಕೆ ದತ್ತ ಮಂಡಲದಲ್ಲಿ ಮನ್ರೋನ ಸಹಾಯಕನಾಗಿದ್ದವನು. ಕಿತ್ತೂರು ಆಗ ಮುಂಬಯಿ ಸರ್ಕಾರದ ಕೆಳಗಿತ್ತು, ಮನ್ರೋ ಕೂತದ್ದು ಮದ್ರಾಸಿನಲ್ಲಿ. ಆದರೂ ಕಂಪನಿ ನೆರವಿನ ಋಣ ತೀರಿಸಿದ ಬಗೆಯನ್ನು ನೆನೆದರೆ 1818ರ ಆ ಗೆಲುವನ್ನು ಒಬ್ಬ ಸೇನಾಪತಿಯ ಜಾಣತನವೆಂದಷ್ಟೇ ಓದಿಕೊಂಡು ಹೋಗಲು ನನ್ನಿಂದ ಆಗುವುದಿಲ್ಲ.

1820ರ ಜೂನಿನಲ್ಲಿ ಮದ್ರಾಸಿನ ಗವರ್ನರ್ ಆದ. ದೇಶೀಯರನ್ನು ದೊಡ್ಡ ಹುದ್ದೆಗಳಿಂದ ಹೊರಗಿಟ್ಟು ಅವರ ನಡತೆಯನ್ನು ಜರೆಯುವುದು ಅನ್ಯಾಯ ಎಂದು 1824ರ ಕೊನೆಯ ದಿನ ಬರೆದ ಟಿಪ್ಪಣಿಯಲ್ಲಿ ಹೇಳಿದ. ಈ ನಾಡಿನವರು ತಮ್ಮನ್ನು ತಾವೇ ಆಳಿಕೊಳ್ಳುವಷ್ಟು ಬಲಿತ ದಿನ ಇಂಗ್ಲಿಷರು ಬಿಟ್ಟುಹೋಗುವುದೇ ಸರಿ ಎಂಬ ಮಾತೂ ಅದರಲ್ಲಿದೆ. ಇದೇ ಮನ್ರೋ ಎರಡು ವರ್ಷದ ಹಿಂದೆ, ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟರೆ ನಮ್ಮ ಆಳ್ವಿಕೆ ಉಳಿಯದು ಎಂದು ಬರೆದಿದ್ದ. ಎರಡನ್ನೂ ಮನಸಾರೆ ನಂಬಿ ಬರೆದನೆಂದೇ ನನಗನ್ನಿಸುತ್ತದೆ.

ಅವನ ಒಂದು ಕೆಲಸಕ್ಕೆ ಮಾತ್ರ ನಾನು ಮನಸ್ಸಿನಲ್ಲೇ ಎದ್ದು ನಿಂತು ನಮಸ್ಕರಿಸುತ್ತೇನೆ. 1822ರ ಜೂನಿನಲ್ಲಿ ಎಲ್ಲ ಕಲೆಕ್ಟರರಿಗೂ ಒಂದು ಪ್ರಶ್ನೆ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಊರವರೇ ನಡೆಸುವ ಶಾಲೆಗಳೆಷ್ಟು, ಮಕ್ಕಳೆಷ್ಟು, ಏನು ಓದುತ್ತಾರೆ? ಉತ್ತರಗಳೆಲ್ಲ ಸೇರಿದಾಗ ಮದ್ರಾಸ್ ಪ್ರಾಂತ್ಯದಲ್ಲಿ 12,498 ಶಾಲೆಗಳು, 1,88,650 ಮಕ್ಕಳು. ನಮ್ಮ ಬಳ್ಳಾರಿಯಿಂದ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಬರೆದ ಉತ್ತರ ಇದೆಯಲ್ಲ, ಅದನ್ನು ಒಮ್ಮೆ ಓದಲೇಬೇಕು. ಇತಿಹಾಸಕಾರ ಧರ್ಮಪಾಲರು 1983ರಲ್ಲಿ ಈ ಕಾಗದಗಳನ್ನೆಲ್ಲ ಪುಸ್ತಕ ಮಾಡಿ ಹೊರತಂದರು. ಜಿಲ್ಲೆಯಲ್ಲಿ 533 ಶಾಲೆಗಳು. ಅದರಲ್ಲಿ ಕನ್ನಡದವು 235, ತೆಲುಗಿನವು 226. ಮಕ್ಕಳು 6,641, ಹುಡುಗಿಯರು 60 ಮಾತ್ರ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಐಗಳು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯದಾಗಿ ಬಂದವನ ಅಂಗೈಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಛಡಿ ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ. ಇನ್ನೂರು ವರ್ಷದ ಹಿಂದೆ ನಮ್ಮ ಊರಿನಲ್ಲಿ ಕತ್ತಲು ಹರಿಯುವ ಮುಂಚೆ ಓಡಿದ ಪುಟ್ಟ ಕಾಲುಗಳು ಆ ಸರ್ಕಾರಿ ಕಾಗದದಲ್ಲಿ ಕಾಣುತ್ತವೆ.

ಅದೇ ಕಾಗದದಲ್ಲಿ ಕ್ಯಾಂಬೆಲ್ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಬರೆದ. ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆ ಇಲ್ಲ. ಕಾರಣ, ನಾಡು ಬಡವಾಗುತ್ತಿದೆ. ನಮ್ಮ ಇಂಗ್ಲಿಷ್ ಬಟ್ಟೆ ಬಂದು ನೇಕಾರರ ಅನ್ನ ಕಸಿದಿದೆ. ಅರಮನೆಗಳ, ಅಧಿಕಾರಿಗಳ ಹಣ ಇಲ್ಲೇ ಖರ್ಚಾಗುತ್ತಿದ್ದ ಕಾಲ ಹೋಗಿ ಅದು ಹೊರಗೆ ಹರಿಯುತ್ತಿದೆ. ಯೋಚಿಸಿ ನೋಡಿ: ಏಳು ವರ್ಷ ತಾನು ಆಳಿದ ಜಿಲ್ಲೆಯಿಂದಲೇ ಗವರ್ನರನ ಮೇಜಿಗೆ ಬಂದ ಉತ್ತರ ಇದು. ಅವನು ಅದನ್ನು ಹರಿದು ಬಿಸಾಡಲಿಲ್ಲ. 1826ರ ಮಾರ್ಚಿನಲ್ಲಿ ಬರೆದ ಟಿಪ್ಪಣಿಯಲ್ಲಿ ಜನರ ಬಡತನವನ್ನೂ ಸರ್ಕಾರದ ನಿರ್ಲಕ್ಷ್ಯವನ್ನೂ ಒಪ್ಪಿಕೊಂಡು, ಪ್ರತಿ ತಹಶೀಲಿಗೆ ಒಂದು ಶಾಲೆ, ಉಪಾಧ್ಯಾಯರನ್ನು ತಯಾರು ಮಾಡಲು ಮದ್ರಾಸಿನಲ್ಲೊಂದು ಶಾಲೆ ಎಂದು ಯೋಜನೆ ಹಾಕಿದ. ಅವನ ನಂತರ ಬಂದವರ ಕಾಲದಲ್ಲಿ ಅವು ನಿಲ್ಲಲಿಲ್ಲ. ರೈತವಾರಿಯೂ ಅವನ ಕೈಯಿಂದ ಬೇರೆಯವರ ಕೈಗೆ ಹೋದ ಮೇಲೆ ಏನಾಯಿತು? ಕಂದಾಯಕ್ಕಾಗಿ ರೈತರಿಗೆ ಚಿತ್ರಹಿಂಸೆ ಕೊಡುತ್ತಿದ್ದ ದೂರುಗಳನ್ನು ವಿಚಾರಿಸಲು 1855ರ ಹೊತ್ತಿಗೆ ಮದ್ರಾಸಿನಲ್ಲಿ ಒಂದು ಆಯೋಗವೇ ಕೂರಬೇಕಾಯಿತು. ರೈತನನ್ನು ಹತ್ತಿರ ಕರೆದು ಕೇಳುವ ಮನುಷ್ಯನಿಲ್ಲದಿದ್ದರೆ ಆ ಪದ್ಧತಿಯಲ್ಲಿ ಉಳಿಯುವುದು ವಸೂಲಿಯೊಂದೇ.

1826ರಲ್ಲಿ ಚಿಕ್ಕ ಮಗನ ಆರೋಗ್ಯ ಕೆಟ್ಟು ಹೆಂಡತಿ ಅವನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಳು. ಗಿಂಡಿಯ ಮನೆಯ ಖಾಲಿ ಕೋಣೆಗಳ ಬಗ್ಗೆ, ಮಗು ಆಡಿಕೊಂಡಿದ್ದ ತೋಟದ ಬಗ್ಗೆ ಅವಳಿಗೆ ಬರೆದ ಕಾಗದ ಓದುವಾಗ ಗವರ್ನರ್ ಎಂಬುದು ಮರೆತುಹೋಗುತ್ತದೆ. ತನ್ನನ್ನು ಬಿಡುಗಡೆ ಮಾಡಿ ಎಂದು ಅದಕ್ಕೆ ಮುಂಚೆಯೇ ಲಂಡನ್ನಿಗೆ ಬರೆದಿದ್ದ. ಬದಲಿ ಗವರ್ನರ್ ಬರುವುದು ತಡವಾಗುತ್ತಲೇ ಹೋಯಿತು. ಕಾಯುವ ಹೊತ್ತಿನಲ್ಲಿ ಒಮ್ಮೆ ಹಳೆಯ ಜಿಲ್ಲೆಗಳನ್ನು ನೋಡಿ ಬರುತ್ತೇನೆಂದು 1827ರ ಬೇಸಿಗೆಯಲ್ಲಿ ಹೊರಟ. ದಾರಿಯಲ್ಲಿ ಕಾಲರಾ ಇತ್ತು. ಜುಲೈ 6ರಂದು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಪತ್ತಿಕೊಂಡದಲ್ಲಿ, ಡೇರೆಯೊಳಗೆ ತೀರಿಕೊಂಡ. ಬೆಳಿಗ್ಗೆ ಹತ್ತಿದ ರೋಗ, ರಾತ್ರಿಗೆಲ್ಲ ಮುಗಿದಿತ್ತು. ಗುತ್ತಿಯ ಕೋಟೆಯ ಬುಡದಲ್ಲಿ ಮಣ್ಣು ಮಾಡಿದರು. 1831ರಲ್ಲಿ ಅಲ್ಲಿಂದ ತೆಗೆದು ಮದ್ರಾಸಿನ ಕೋಟೆಯ ಸೇಂಟ್ ಮೇರಿ ಚರ್ಚಿಗೆ ಒಯ್ದರು.

ಮದ್ರಾಸಿನಲ್ಲಿ ಶಿಲ್ಪಿ ಚಾಂಟ್ರಿ ಮಾಡಿದ ಅವನ ಕಂಚಿನ ಕುದುರೆ ಸವಾರಿ ಇಂದಿಗೂ ಇದೆ, ಜೀನೂ ಇಲ್ಲದ ರಿಕಾಪೂ ಇಲ್ಲದ ಕುದುರೆ. ತಿರುಮಲೆಯಲ್ಲಿ ನೈವೇದ್ಯದ ಅವನ ಹೆಸರಿನ ಕೊಪ್ಪರಿಗೆಯ ಮಾತು ಕೇಳಿರುತ್ತೀರಿ. ಕಡಪಾ ಕಡೆಯ ರೈತರು ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಇವನ್ನೆಲ್ಲ ಯಾವ ಸರ್ಕಾರವೂ ಹೇಳಿ ಮಾಡಿಸಲಾಗದು. ನೂರಕ್ಕೆ 45 ಕೊಟ್ಟ ಜನವೇ ಮಕ್ಕಳಿಗೆ ಅವನ ಹೆಸರಿಟ್ಟದ್ದು. ರಾಯರು ಅವನಿಗೇ ಏಕೆ ಕಂಡರು ಎಂಬ ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದದ್ದು ಇಷ್ಟೇ. ಕೇಳಿಸಿಕೊಳ್ಳುವ ದೊರೆಯೊಬ್ಬನಿಗಾಗಿ ನಮ್ಮ ರೈತ ಎಷ್ಟು ಕಾಲದಿಂದ ಹಸಿದಿದ್ದನೋ.

ಮುಂದಿನ ಸಲ ಮಂತ್ರಾಲಯಕ್ಕೆ ಬಂದಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಆದವಾನಿಯ ಮೇಲೆ ಪತ್ತಿಕೊಂಡಕ್ಕೆ ಹೋಗೋಣ. ಅವನ ಹೆಸರಿನಲ್ಲಿ ಸರ್ಕಾರ ಅಲ್ಲೊಂದು ಬಾವಿ ತೋಡಿಸಿ, ತೋಪು ಬೆಳೆಸಿತ್ತು. ಬುತ್ತಿ ನಾನು ಕಟ್ಟಿಸಿಕೊಂಡು ಬರುತ್ತೇನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ನಿಮಗೆ ಹಿಡಿಸುತ್ತದೆಂದು ಗೊತ್ತು. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಬಳ್ಳಾರಿಯ ಗೆಳೆಯ